ಬೊಮ್ಮಿಯ ಮರದ ಟ್ರಾಮು

ನಮ್ಮೂರಿನಲ್ಲಿ ಮನಸ್ಸಿಲ್ಲದವರನ್ನು ಕೂರಿಸಿಕೊಂಡರೆ ಚಕ್ರ ತಿರುಗುವುದಿಲ್ಲ. ಎತ್ತಿನ ಗಾಡಿಯಿರಲಿ, ಜಟಕಾ ಇರಲಿ, ಸಾಹುಕಾರರ ಸಾರೋಟಿರಲಿ, ಕೂತವರ ಪೈಕಿ ಒಬ್ಬರಿಗೆ ಹೋಗುವ ಮನಸ್ಸಿಲ್ಲವೆಂದರೂ ಅಷ್ಟೇ. ಎತ್ತು ಎಳೆದು ಎಳೆದು ನೊರೆ ಕಾರಬೇಕು, ಗಾಡಿ ಮಾತ್ರ ನಿಂತಲ್ಲೇ ನಿಂತಿರುತ್ತದೆ. ಎಲ್ಲೆಕಲ್ಲು ದಾಟಿದ ಮೇಲೆ ಈ ತಾಪತ್ರಯವಿಲ್ಲ. ಅಲ್ಲಿ ಚಕ್ರಗಳು ಯಾರನ್ನೂ ಕೇಳದೆ ಉರುಳುತ್ತವಂತೆ. ಹುಟ್ಟಿದಾಗಿನಿಂದ ನೋಡಿಕೊಂಡು ಬಂದ ನಮಗೆ ಇದೇನೂ ದೊಡ್ಡ ವಿಷಯವಲ್ಲ. ಶಾಲೆಗೆ ಹೋಗುವ ಮಕ್ಕಳನ್ನು ನಡೆಸಿಯೇ ಕಳಿಸುತ್ತೇವೆ. ಕೋರ್ಟಿಗೆ ಹೋಗುವವರು, ಬೀಗರ ಮನೆಯ ಊಟಕ್ಕೆ ಹೊರಟವರು ತಾವಾಗಿಯೇ ಚಪ್ಪಲಿ ಮೆಟ್ಟಿಕೊಂಡು ನಡೆಯುತ್ತಾರೆ. ಮದುಮಗಳನ್ನು ಎಲ್ಲೆಕಲ್ಲಿನವರೆಗೆ ಓಲಗದೊಂದಿಗೆ ನಡೆಸಿಕೊಂಡು ಹೋಗಿ, ಕಲ್ಲಿನ ಆಚೆಗೆ ಗಾಡಿ ಹತ್ತಿಸುವುದು ನಮ್ಮ ಹಿರಿಯರು ಕಂಡುಕೊಂಡ ಉಪಾಯ.

ನನ್ನ ಮದುವೆಯಲ್ಲಿ ಮಾತ್ರ ಆ ಉಪಾಯ ನಡೆಯಲಿಲ್ಲ. ಗಂಡಿನ ಕಡೆಯವರು ಪರಸ್ಥಳದವರು. ಅವಸರಕ್ಕೆ ನನ್ನನ್ನು ನಮ್ಮ ಮನೆ ಬಾಗಿಲಲ್ಲೇ ಗಾಡಿ ಹತ್ತಿಸಿಬಿಟ್ಟರು. ಗಾಡಿ ಅಲುಗಲಿಲ್ಲ. ಅವರು ಎತ್ತು ಬದಲಾಯಿಸಿದರು, ಕೀಲಿಗೆ ಎಣ್ಣೆ ಬಿಟ್ಟರು, ನಾಲ್ಕು ಜನ ಹಿಂದಿನಿಂದ ನೂಕಿದರು. ಜಗಲಿಯ ಮೇಲೆ ನಿಂತಿದ್ದ ನಮ್ಮಪ್ಪ ಇಳಿದು ಬಂದು ನನ್ನ ಕೈ ಹಿಡಿದು, “ಇಳಿ ಮಗಳೇ, ಸಾಕು” ಎಂದ. ಇಳಿದೆ. ಅವತ್ತಿನಿಂದ ಅಪ್ಪನ ಬಡಗಿ ಕೊಟ್ಟಿಗೆಯೇ ನನ್ನ ಸಂಸಾರವಾಯಿತು. ಅಪ್ಪ ಹೋದ ಮೇಲೆ ಉಳಿ, ಬಾಚಿ, ಮರ ಕಡೆಯುವ ತಿರುಗಣಿ ಎಲ್ಲ ನನ್ನ ಕೈಗೆ ಬಂದವು. ಬಾಗಿಲು, ಮಂಚ ಮಾಡುವವರು ಕೇರಿಯಲ್ಲಿ ಬೇಕಾದಷ್ಟಿದ್ದರು. ನಾನು ಆಟಿಕೆ ಹಿಡಿದೆ. ಕಾಳಮ್ಮನ ಕೈಯ ಬುಗುರಿ ನಿಂತು ತಿರುಗುತ್ತದೆ, ಕಾಳಮ್ಮನ ಕುದುರೆ ಕಾಲು ಮುರಿಯುವುದಿಲ್ಲ ಎಂದು ಊರಿನವರು ಹೇಳುತ್ತಿದ್ದರು. ನಿಜವೇ ಆದ್ದರಿಂದ ನಾನೂ ಹೇಳಿಕೊಳ್ಳುತ್ತಿದ್ದೆ.

ಆಮೇಲೆ ಟ್ರಾಮು ಬಂತು. ಹೊಳೆದಂಡೆಯಿಂದ ಪೇಟೆ ಹಾದು ಎಲ್ಲೆಕಲ್ಲಿನ ಆಚೆ ಬದಿಯ ರೈಲು ಸ್ಟೇಷನ್ನಿನವರೆಗೆ ಕಂಬಿ ಹಾಕಿದರು, ಮೇಲೆ ತಂತಿ ಎಳೆದರು. ಕೆಂಪು ಬಣ್ಣದ, ಗಂಟೆ ಬಾರಿಸುವ ಗಾಡಿ. ಒಂದು ಗಾಡಿಯಲ್ಲಿ ಅಷ್ಟು ಜನ ಕೂರುವುದೆಂದರೆ ನಮ್ಮೂರಿಗೆ ಹೊಸದು. ಮೊದಲ ವಾರ ಟ್ರಾಮು ಓಡಿದ್ದಕ್ಕಿಂತ ನಿಂತಿದ್ದೇ ಹೆಚ್ಚು. ಕಛೇರಿಗೆ ಹೋಗಲು ಬೇಸರಪಡುವ ಒಬ್ಬ ಗುಮಾಸ್ತ ಸಾಕು, ಇಡೀ ಗಾಡಿ ಕಂಬಿಗೆ ಕಚ್ಚಿಕೊಂಡುಬಿಡುತ್ತಿತ್ತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ ಜಗಳವಾಡಿದರು. ಆದರೆ ಜನ ಬೇಗ ಹೊಂದಿಕೊಂಡರು. ಟ್ರಾಮು ನಿಲ್ಲುವ ಕಡೆಯಲ್ಲೆಲ್ಲ ಒಂದೊಂದು ಕಲ್ಲುಕಟ್ಟೆ ಕಟ್ಟಿದರು. ಹತ್ತುವ ಮುಂಚೆ ಅಲ್ಲಿ ಕೂತು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಅದಕ್ಕೆ ಯೋಚನೆಕಟ್ಟೆ ಎಂದೇ ಹೆಸರು. ಇಷ್ಟಾಗಿಯೂ ಗಾಡಿ ನಿಂತರೆ ಡ್ರೈವರ್ ದಸ್ತಗೀರ್ ಸಾಹೇಬರು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕೆಳಗಿಳಿದು ಮೇಲಿನ ತಂತಿಯತ್ತ ಕತ್ತೆತ್ತಿ, “ತಂತಿ ಸಡಿಲ ಆಗಿದೆ, ಒಂದು ನಿಮಿಷ” ಎನ್ನುತ್ತಿದ್ದರು. ಸವಾರರೆಲ್ಲ ಅವರ ಜೊತೆ ತಂತಿಯನ್ನೇ ನೋಡಬೇಕು. ಅಷ್ಟರಲ್ಲಿ ಮನಸ್ಸಿಲ್ಲದವರು ಸದ್ದಿಲ್ಲದೆ ಇಳಿದು ಹೋಗುತ್ತಿದ್ದರು. ಗಾಡಿ ಹೊರಡುತ್ತಿತ್ತು.

ಆ ವರ್ಷವೇ ನನ್ನ ತಂಗಿ ಸಿಂಗಾರಿಯೂ ಅವಳ ಗಂಡನೂ ಜ್ವರದಲ್ಲಿ ಹೋದರು. ಅವರ ಮಗಳು ಬೊಮ್ಮಿ ನನ್ನ ಸೆರಗು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಇನ್ನೂ ಮುಂಗೈಯಲ್ಲಿ ಮೂಗು ಒರೆಸಿಕೊಳ್ಳುವ ವಯಸ್ಸು. ಅಳಲಿಲ್ಲ, ಆಡಲಿಲ್ಲ, ಕೊಟ್ಟಷ್ಟು ತಿಂದು ಜಗಲಿಯ ಮೇಲೆ ಕೂತು ಟ್ರಾಮಿನ ಗಂಟೆ ಕೇಳುತ್ತಿದ್ದಳು. ಟ್ರಾಮು ಹೋದ ಮೇಲೂ ಅತ್ತಲೇ ನೋಡುತ್ತಿದ್ದಳು. “ಹತ್ತಿಸಲಾ?” ಎಂದರೆ ತಲೆಯಾಡಿಸಿ ಬೇಡ ಎನ್ನುತ್ತಿದ್ದಳು. ಅಷ್ಟು ದೊಡ್ಡದೆಂದರೆ ಅವಳಿಗೆ ಭಯ. ಸರಿ, ನಿನ್ನ ಅಳತೆಗೆ ಒಂದು ಮಾಡೋಣ ಎಂದುಕೊಂಡೆ.

ಹಾಲೆಮರದ ಹಲಗೆಯಲ್ಲಿ ಮೈ ಮಾಡಿದೆ, ಬೀಟೆಯಲ್ಲಿ ಚಕ್ರ ಕಡೆದೆ. ಮಗು ಮೇಲೆ ಕಾಲು ಇಳಿಬಿಟ್ಟು ಕೂರುವಷ್ಟು ಎತ್ತರ, ಕೂತರೂ ಬಿರುಕು ಬಿಡದಷ್ಟು ಗಟ್ಟಿ. ಎರಡೂ ಬದಿಗೆ ಕಿಟಕಿ ಕೊರೆದು, ಒಳಗೆ ಹೆಬ್ಬೆಟ್ಟಿನಷ್ಟು ದೊಡ್ಡ ಮರದ ಸವಾರರನ್ನು ಬೆಂಚಿನ ಮೇಲೆ ಕೂರಿಸಿದೆ. ಮುರಿದ ಕೊಡೆಯ ಕಡ್ಡಿಯೊಂದು ತಂತಿ ಮುಟ್ಟುವ ಕೋಲಾಯಿತು, ಸಿಂಗಾರಿಯ ಕಾಲ್ಗೆಜ್ಜೆಯದೊಂದು ಗೆಜ್ಜೆ ಗಂಟೆಯಾಯಿತು. ತಿರುಗಣಿಯಲ್ಲಿ ಚಕ್ರ ತಿರುಗುವಾಗ ಕೆಂಪು ಅರಗು ಹಿಡಿದು, ತಾಳೆಗರಿಯಲ್ಲಿ ಉಜ್ಜಿ ಹೊಳಪು ಬರಿಸಿದೆ. ಅಂಥ ಕೆಲಸ ನಾನು ಅದಕ್ಕೆ ಮುಂಚೆ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಮುಂದೆ ಹಗ್ಗ ಕಟ್ಟಿ ಅಂಗಳಕ್ಕೆ ತಂದಿಟ್ಟೆ. ಬೊಮ್ಮಿ ಸುತ್ತ ತಿರುಗಿ ನೋಡಿದಳು, ಕಿಟಕಿಯೊಳಗೆ ಕಣ್ಣಿಟ್ಟು ನೋಡಿದಳು, ಆಮೇಲೆ ಲಂಗ ಎತ್ತಿಕೊಂಡು ಹತ್ತಿ ಕೂತು, “ಹೂಂ ದೊಡ್ಡಮ್ಮ, ನಡಿ” ಎಂದಳು. ಹಗ್ಗ ಎಳೆದೆ. ಮಗು ನಕ್ಕಿತು. ನಮ್ಮ ಮನೆಗೆ ಬಂದ ಮೇಲೆ ಅದೇ ಮೊದಲ ನಗು. ಅಲ್ಲಿಂದ ಮುಂದೆ ಬೊಮ್ಮಿಯ ಟ್ರಾಮು ನಿಂತದ್ದನ್ನು ಕೇರಿಯಲ್ಲಿ ಯಾರೂ ನೋಡಲಿಲ್ಲ. ಅಂಗಡಿಗೆ, ಬಾವಿಗೆ, ಗುಡಿಗೆ, ಎಲ್ಲಿಗಾದರೂ ಸರಿ, ಅವಳಿಗೆ ಹೋಗುವ ಮನಸ್ಸಿತ್ತು.

ಹೀಗಿರುವಾಗ ಬೊಮ್ಮಿಯ ದೊಡ್ಡಪ್ಪ ಸಿದ್ದಾಚಾರಿ, ಪರಸ್ಥಳದಿಂದ ತನ್ನ ತಾಯಿ ಅಕ್ಕಯ್ಯಮ್ಮನನ್ನು ಕರೆದುಕೊಂಡು ಬಂದಿಳಿದ. ಎತ್ತರದ ಆಳು, ಕೆಟ್ಟವನೇನಲ್ಲ. ಮಗುವಿಗೆ ಸಕ್ಕರೆ ಮಿಠಾಯಿ ತಂದಿದ್ದ, ತಮ್ಮನನ್ನು ನೆನೆದು ಕಣ್ಣೊರೆಸಿಕೊಂಡ. ಊಟವಾದ ಮೇಲೆ ವಿಷಯ ತೆಗೆದ.

“ನಮ್ಮ ಮನೆಯ ಕುಡಿ ಕಾಳಮ್ಮ. ಇಷ್ಟು ದಿನ ಸಾಕಿದ್ದೀಯ, ದೊಡ್ಡ ಉಪಕಾರ. ಇನ್ನು ನಾವು ಕರ್ಕೊಂಡು ಹೋಗ್ತೀವಿ. ನಮ್ಮ ಮನೇಲಿ ಎರಡು ಹಸುಗೂಸು ಇವೆ, ಇನ್ನೊಂದು ಬರೋದಿದೆ. ಇವಳಿದ್ರೆ ತೊಟ್ಟಿಲು ತೂಗೋಕೆ, ಎತ್ಕೊಳ್ಳೋಕೆ ಒಂದು ಕೈ ಆಗುತ್ತೆ.”

“ಅದರ ಕೈಯಿನ್ನೂ ಉಂಡ ತಟ್ಟೆ ಎತ್ತೋಷ್ಟೂ ಬೆಳೆದಿಲ್ಲ ಆಚಾರ್ರೇ,” ಎಂದೆ ನಾನು.

“ಬೆಳೆಯುತ್ತೆ ಬಿಡು. ನಮ್ಮವ್ವ ಆ ಮನೆಗೆ ಬಂದಾಗ ಇಷ್ಟೇ ಇದ್ಲು. ಅಲ್ವೇನವ್ವಾ?”

ಗೋಡೆಗೊರಗಿ ಕೂತಿದ್ದ ಅಕ್ಕಯ್ಯಮ್ಮ ಬೊಮ್ಮಿಯ ಕಾಲಿಗೆ ಅಂಟಿದ ಮಣ್ಣನ್ನು ಸೆರಗಿನಿಂದ ಒರೆಸುತ್ತಿದ್ದರು.

ನಾನು ಕಳಿಸುವುದಿಲ್ಲ ಎಂದೆ, ಅವನು ಬಿಡುವುದಿಲ್ಲ ಎಂದ. ಮಾತು ಕೇರಿಯ ಯಜಮಾನರಾದ ನಾಗಲಿಂಗಾಚಾರರ ಜಗಲಿಗೆ ಹೋಯಿತು. ಅವರು ಇಬ್ಬರದನ್ನೂ ಕೇಳಿ, “ತಾಯಿ ಕಡೆ ಪ್ರೀತಿ ಇದೆ, ತಂದೆ ಕಡೆ ಹಕ್ಕಿದೆ. ನಾವು ಹೇಳೋದು ಬೇಡ, ಚಕ್ರ ಹೇಳಲಿ. ಮಗೂನ ಗಾಡಿ ಹತ್ತಿಸಿ, ಎಲ್ಲಿಗೆ ಹೋಗೋದು ಅಂತ ಅದಕ್ಕೆ ತಿಳಿಸಿ. ತಿರುಗಿದ್ರೆ ಹೋಗಲಿ, ನಿಂತ್ರೆ ಇಲ್ಲೇ ಇರಲಿ” ಎಂದರು. ನನಗೆ ಸಮಾಧಾನವಾಯಿತು. ಬೊಮ್ಮಿ ದೊಡ್ಡ ಗಾಡಿಗಳನ್ನು ಕಂಡರೆ ನನ್ನ ಹಿಂದೆ ಅಡಗುವವಳು. ಆದರೆ ಸಿದ್ದಾಚಾರಿ ಎರಡು ದಿನದಿಂದ ನಮ್ಮ ಅಂಗಳ ನೋಡುತ್ತಿದ್ದ. “ಆಗಲಿ ಯಜಮಾನ್ರೇ. ಗಾಡಿ ಯಾಕೆ, ಅವಳ ಮರದ ಟ್ರಾಮು ಇದೆಯಲ್ಲ. ಅದೂ ಚಕ್ರವೇ. ನಾಳೆ ಅದರ ಮೇಲೇ ಕೂರಿಸಿ, ಟ್ರಾಮು ನಿಲ್ಲೋ ಕಡೆಗೆ ಎಳೀಲಿ” ಎಂದುಬಿಟ್ಟ.

ಜಗಲಿಯ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಆ ಟ್ರಾಮು ಬೊಮ್ಮಿ ಕೂತ ಮೇಲೆ ಯಾವತ್ತೂ ನಿಂತದ್ದಿಲ್ಲ ಎಂದು ಕೇರಿಗೆಲ್ಲ ಗೊತ್ತು. “ಆಟಕ್ಕೆ ಹೋಗೋದು ಬೇರೆ, ಊರು ಬಿಟ್ಟು ಹೋಗೋದು ಬೇರೆ ಯಜಮಾನ್ರೇ,” ಎಂದೆ.

“ಬೇರೆ ಅಂತ ಚಕ್ರಕ್ಕೆ ಗೊತ್ತಿರುತ್ತೆ ಕಣಮ್ಮ. ಮಗೂಗೆ ಬಿಡಿಸಿ ಹೇಳಿದ್ರಾಯ್ತು,” ಎಂದರು ಅವರು.

ಮನೆಗೆ ಬಂದು ಟ್ರಾಮನ್ನು ಕೊಟ್ಟಿಗೆಯೊಳಗೆ ತಂದು ಮಗ್ಗುಲಾಗಿ ಮಲಗಿಸಿದೆ. ಅಚ್ಚಿನ ಬೆಣೆಯನ್ನು ಒಂದು ಕೂದಲೆಳೆಯಷ್ಟು ಒಳಗೆ ತಟ್ಟಿದರೆ ಮುಗಿಯಿತು, ಚಕ್ರ ಬಿಗಿಯುತ್ತದೆ, ಯಾರ ಕಣ್ಣಿಗೂ ಕಾಣುವುದಿಲ್ಲ. ಬೆಣೆ ಬಡಿಯುವ ಕೊಡತಿ ಕೈಯಲ್ಲೇ ಇತ್ತು. ಅಕ್ಕಯ್ಯಮ್ಮ ಬಾಗಿಲಲ್ಲಿ ಬಂದು ನಿಂತರು. ಎರಡು ದಿನದಿಂದ ಅವರು ಹೊತ್ತು ಸಿಕ್ಕಾಗಲೆಲ್ಲ ಕೊಟ್ಟಿಗೆಗೆ ಬಂದು ನನ್ನ ಕೆಲಸ ನೋಡುತ್ತಿದ್ದರು. ಒಮ್ಮೆ ತಾಳೆಗರಿ ಇಸಿದುಕೊಂಡು ಬುಗುರಿಯೊಂದಕ್ಕೆ ತಾವೇ ಹೊಳಪು ತಂದು, ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ್ದರು. ಈಗ ನನ್ನ ಕೈಯ ಕೊಡತಿಯನ್ನು ನೋಡಿದರು, ಚಕ್ರವನ್ನು ನೋಡಿದರು. ಅವರಿಗೆ ಅರ್ಥವಾಯಿತೆಂದು ನನಗೂ ಅರ್ಥವಾಯಿತು.

“ಮಾಡು,” ಎಂದರು ಮೆಲ್ಲಗೆ. “ನಾನು ಯಾರಿಗೂ ಹೇಳಲ್ಲ.”

ಒಂದು ಗಳಿಗೆ ಆಸೆಯಾಯಿತು. ಸುಳ್ಳು ಯಾಕೆ ಹೇಳಲಿ. ಆದರೆ ಗಾಡಿ ನಿಂತಿದ್ದರಿಂದಲೇ ಬದುಕು ಸಿಕ್ಕವಳು ನಾನು. ಅವತ್ತು ಅಪ್ಪ ಚಕ್ರದ ಮಾತು ನಂಬಿ ನನ್ನ ಕೈ ಹಿಡಿದಿದ್ದ. ನಾಳೆ ಈ ಮಗು ದೊಡ್ಡವಳಾಗಿ, ತಾನು ಇಲ್ಲಿ ಉಳಿದದ್ದು ಯಾರ ಮನಸ್ಸಿನಿಂದ ಎಂದು ಕೇಳಿದರೆ ಏನು ಹೇಳುವುದು?

“ಬೇಡ ಅತ್ತೆ,” ಎಂದು ಕೊಡತಿ ಕೆಳಗಿಟ್ಟೆ. “ನನ್ನ ಕೈಯಿಂದ ಹೊರಟ ಚಕ್ರ ನಾನೇ ನಿಲ್ಲಿಸಲ್ಲ.” ಹರಳೆಣ್ಣೆ ತಂದು ನಾಲ್ಕೂ ಅಚ್ಚಿಗೆ ಬಿಟ್ಟೆ. ಅಕ್ಕಯ್ಯಮ್ಮ ನನ್ನನ್ನೇ ನೋಡುತ್ತ ನಿಂತಿದ್ದು, ಆಮೇಲೆ ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ಕೇರಿಯೆಲ್ಲ ನೆರೆದಿತ್ತು. ಬೊಮ್ಮಿಗೆ ಎಣ್ಣೆ ಹಾಕಿ ತಲೆ ಬಾಚಿ, ಅವಳ ಬಟ್ಟೆಯ ಗಂಟು ಕಟ್ಟಿ, ಅವಳೆದುರು ಕೂತು ಹೇಳಿದೆ. “ನೋಡು ಪುಟ್ಟಿ, ಅಜ್ಜಿ, ದೊಡ್ಡಪ್ಪ ಅವರ ಊರಿಗೆ ಹೋಗ್ತಾರೆ. ನಿನ್ನನ್ನೂ ಕರೀತಾರೆ. ಹೋದ್ರೆ ಅಲ್ಲೇ ಇರಬೇಕು. ನಾನು ಬರಲ್ಲ.”

“ಟ್ರಾಮು?”

“ಅದು ನಿನ್ನದು. ತಗೊಂಡು ಹೋಗಬಹುದು.”

ಸಿದ್ದಾಚಾರಿ ಬಗ್ಗಿ, “ಅಲ್ಲಿಗೆ ಹೋಗೋಕೆ ರೈಲು ಹತ್ತಬೇಕು ಬೊಮ್ಮಿ. ಕೂ ಅಂತ ಕೂಗುತ್ತೆ. ಹೊಗೆ ಬಿಡುತ್ತೆ” ಎಂದ. ಬೊಮ್ಮಿಯ ಕಣ್ಣು ಅರಳಿದವು. ಆ ಕಣ್ಣು ನೋಡಿದಾಗಲೇ ನನಗೆ ಗೊತ್ತಾಯಿತು. ಹತ್ತಿ ಕೂತಳು. ಹಗ್ಗವನ್ನು ಬೇರೆ ಯಾರ ಕೈಗೂ ಕೊಡಲಿಲ್ಲ, ನಾನೇ ಎಳೆದೆ. ಹಗ್ಗ ಬಿಗಿಯಾಯಿತು, ಗೆಜ್ಜೆ ಒಮ್ಮೆ ಘಲ್ ಎಂದಿತು, ಚಕ್ರ ತಿರುಗಿತು.

ಪಕ್ಕದ ಮನೆಯವಳು ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ತಲೆ ಎತ್ತಿಕೊಂಡೇ ನಡೆದೆ. ಎದೆಯೊಳಗೆ ಏನಾಗುತ್ತಿತ್ತೋ ಅದು ನನ್ನ ಪಾಡು, ಆದರೆ ಹಿಂದೆ ಚಕ್ರ ನುಣ್ಣಗೆ ಉರುಳುತ್ತಿತ್ತು, ಒಂದು ಕಡೆಯೂ ಎಡವಲಿಲ್ಲ. ಬೊಮ್ಮಿ ದಾರಿಯಲ್ಲಿ ಸಿಕ್ಕವರಿಗೆಲ್ಲ “ನಾನು ರೈಲು ಹತ್ತೋಕೆ ಹೋಗ್ತಿದ್ದೀನಿ” ಎಂದು ಕೂಗಿ ಹೇಳುತ್ತಿದ್ದಳು. ಯೋಚನೆಕಟ್ಟೆ ಬಂತು. ಯಜಮಾನರು ನನ್ನ ಮುಖ ನೋಡದೆ, “ಆಯ್ತಲ್ಲಮ್ಮ” ಎಂದರು. “ಆಯ್ತು,” ಎಂದೆ.

ಸ್ಟೇಷನ್ನಿಗೆ ಹೋಗುವ ಟ್ರಾಮು ಬಂತು. ಸಿದ್ದಾಚಾರಿ ಗಂಟುಗಳನ್ನು ಏರಿಸಿದ. ಅಕ್ಕಯ್ಯಮ್ಮ ಮಂಡಿ ಹಿಡಿದುಕೊಂಡು ಹತ್ತಿ ಕಿಟಕಿಯ ಪಕ್ಕ ಕೂತರು. ಬೊಮ್ಮಿಯನ್ನು ನಾನೇ ಎತ್ತಿ ಅವರ ಮಡಿಲಲ್ಲಿ ಕೂರಿಸಿದೆ. ಮಗು ದೊಡ್ಡ ಟ್ರಾಮಿಗೆ ಹೆದರಲೂ ಇಲ್ಲ, ರೈಲಿನ ಗುಂಗಿನಲ್ಲಿತ್ತು. ನಾನು ಮರದ ಟ್ರಾಮನ್ನು ಎತ್ತಿ ಮೇಲೆ ಕೊಡಲು ಬಗ್ಗಿದೆ. ದಸ್ತಗೀರ್ ಸಾಹೇಬರು ಗಂಟೆ ಹೊಡೆದು ಹಿಡಿ ತಿರುಗಿಸಿದರು.

ಟ್ರಾಮು ಹೊರಡಲಿಲ್ಲ.

ಇನ್ನೊಮ್ಮೆ ತಿರುಗಿಸಿದರು. ಮೇಲೆ ತಂತಿಯಲ್ಲಿ ಕಿಡಿ ಹಾರಿತು, ಗಾಡಿ ಕಂಬಿಗೆ ಕಚ್ಚಿಕೊಂಡೇ ಇತ್ತು. ಸಾಹೇಬರು ಕೆಳಗಿಳಿದು ಕತ್ತೆತ್ತಿ, “ತಂತಿ ಸಡಿಲ ಆಗಿದೆ, ಒಂದು ನಿಮಿಷ” ಎಂದರು. ಎಲ್ಲರೂ ತಂತಿ ನೋಡಬೇಕಿತ್ತು, ಆದರೆ ಅವತ್ತು ಯಾರಿಂದಲೂ ಆಗಲಿಲ್ಲ. ಎಲ್ಲರ ಕಣ್ಣೂ ಬೊಮ್ಮಿಯ ಮೇಲೆ.

“ಮಗೂಗೆ ಮನಸ್ಸಿಲ್ಲ!” ಎಂದು ಕೇರಿಯವರು ಕೂಗಿದರು. “ಇಳಿಸಿ, ಇಳಿಸಿ!”

“ನನಗೆ ಮನಸ್ಸಿದೆ!” ಎಂದು ಬೊಮ್ಮಿ ಅಳುವ ಸ್ವರದಲ್ಲಿ ಕಿರುಚಿದಳು. ಅದು ನಿಜವೆಂದು ಅವಳ ಮುಖವೇ ಹೇಳುತ್ತಿತ್ತು. ಸಿದ್ದಾಚಾರಿ ಸಿಟ್ಟಿನಿಂದ ಅವಳನ್ನು ಎತ್ತಿ ನನ್ನ ಕೈಗೆ ಕೊಟ್ಟು, “ನೋಡೇಬಿಡೋಣ. ಹೊಡೀರಿ ಸಾಹೇಬ್ರೇ” ಎಂದ. ಸಾಹೇಬರು ಹತ್ತಿ ಹಿಡಿ ತಿರುಗಿಸಿದರು. ಮಗು ನನ್ನ ಸೊಂಟದ ಮೇಲಿತ್ತು, ಟ್ರಾಮು ಆಗಲೂ ಹೊರಡಲಿಲ್ಲ. ಸಿದ್ದಾಚಾರಿ ಗೆದ್ದವನಂತೆ ಎಲ್ಲರನ್ನೂ ನೋಡಿ, “ಕಂಡ್ರಾ? ಮಗು ಅಲ್ಲ. ಬೇರೆ ಯಾರೋ. ಯಾರ್ರೀ ಅದು, ಇಳೀರಿ ಬೇಗ, ರೈಲು ತಪ್ಪುತ್ತೆ” ಎಂದ. ಈರುಳ್ಳಿ ಮಾರುವ ಹೆಂಗಸೊಬ್ಬಳು ಅನುಮಾನಕ್ಕೆ ಇಳಿದು ನೋಡಿದಳು. ಊಹೂಂ.

ಆಗ ಅಕ್ಕಯ್ಯಮ್ಮ ಬಾಯಿಬಿಟ್ಟರು. “ದಸ್ತಗೀರಪ್ಪಾ, ಕತ್ತು ನೋಯಿಸ್ಕೋಬೇಡ. ನಿನ್ನ ತಂತಿ ಸರಿಯಾಗೇ ಇದೆ. ನಾನೇ ಅದು.”

ಸಿದ್ದಾಚಾರಿ ನಕ್ಕ. “ಏನವ್ವ ಹಂಗಂದ್ರೆ? ನಮ್ಮನೆಗೆ ಹೋಗೋಕೆ ನಿನಗೆ ಮನಸ್ಸಿಲ್ವಾ?”

“ಇಲ್ಲ ಕಣಪ್ಪ. ನನಗೂ ಈಗಲೇ ಗೊತ್ತಾಗಿದ್ದು. ನಮ್ಮ ಕಡೆ ಚಕ್ರ ಯಾರನ್ನೂ ಕೇಳಲ್ವಲ್ಲ, ನಾನೂ ಕೇಳ್ಕೊಂಡಿರಲಿಲ್ಲ.” ಅವರು ಕಂಬ ಹಿಡಿದು ಎದ್ದರು. “ಇವಳಷ್ಟಿದ್ದಾಗ ನನ್ನನ್ನ ಆ ಮನೆಗೆ ತಂದು ಕೈಗೊಂದು ಕೂಸು ಕೊಟ್ರು. ಆಮೇಲೆ ಕೈ ಖಾಲಿ ಆಗ್ಲೇ ಇಲ್ಲ. ನಿಮ್ಮಪ್ಪನ ತಮ್ಮಂದಿರು, ನೀನು, ನಿನ್ನ ತಮ್ಮ, ಈಗ ನಿನ್ನ ಮಕ್ಕಳು. ಸಾಕಿದೆ, ಬೇಜಾರಿಲ್ಲ. ಆದ್ರೆ ಇವಳ ಕೈಗೂ ಕೂಸು ಕೊಡೋಕೆ ನಾನು ಬರಲ್ಲ.”

“ಅವ್ವಾ, ಮನೇಲಿ ನಿನ್ನ ಸೊಸೆ ಒಬ್ಬಳೇ. ಯಾರಿದ್ದಾರೆ ನೋಡ್ಕೊಳ್ಳೋಕೆ?” ಸಿದ್ದಾಚಾರಿಯ ದನಿ ಬಿದ್ದುಹೋಯಿತು. ಆಗ ಅವನು ಎತ್ತರದ ಆಳಿನಂತೆ ಕಾಣಲಿಲ್ಲ.

“ನೀನಿದ್ದೀಯಲ್ಲಪ್ಪ. ಎರಡು ಕೈ ಇವೆ, ನಾನೇ ಹೆತ್ತು ಕೊಟ್ಟಿದ್ದು. ತೊಟ್ಟಿಲು ತೂಗೋಕೆ ಸಾಕು.” ಒಂದೊಂದೇ ಮೆಟ್ಟಿಲಿಗೆ ಕಾಲಿಟ್ಟು ಇಳಿದು, ನನ್ನ ಪಕ್ಕ ಬಂದು ನಿಂತರು. “ಮಗು ನನ್ನ ಮಡಿಲಲ್ಲಿ ತಾನೇ ಬರ್ತಿದ್ದಿದ್ದು? ಮಡಿಲು ಇಲ್ಲೇ ಇಳೀತು. ನಾನಿರೋ ಕಡೆ ಇವಳೂ ಇರ್ತಾಳೆ. ಯಜಮಾನ್ರೇ, ತಂದೆ ಕಡೆ ಹಕ್ಕು ಅಂದ್ರಲ್ಲ, ಆ ಹಕ್ಕು ನನಗೂ ಇದೆ.”

ನಾಗಲಿಂಗಾಚಾರರು ತಲೆದೂಗಿದರು. “ಇದೆ ತಾಯಿ. ಅವನಿಗಿಂತ ಮುಂಚೆ ನಿಮಗೇ.”

“ನಡೆದೇ ಹೋಗೋಣ ಬಾ ಅವ್ವ,” ಎಂದ ಸಿದ್ದಾಚಾರಿ ಕಡೆಯದಾಗಿ. ಅವನ ಅಂಗಿಯ ಗುಂಡಿ ಬಿಚ್ಚಿಕೊಂಡಿತ್ತು, ಅಕ್ಕಯ್ಯಮ್ಮ ಕೈ ಚಾಚಿ ಅದನ್ನು ಹಾಕಿದರು. ಅವನು ಮೆಟ್ಟಿಲ ಮೇಲೇ ನಿಂತಿದ್ದ. ಇಳಿಯುತ್ತಾನೋ, ಹೋಗುತ್ತಾನೋ ನಮಗೆ ತಿಳಿಯಲಿಲ್ಲ. ಸಾಹೇಬರು ತಂತಿಯನ್ನೇ ನೋಡುತ್ತ ಮೆಲ್ಲಗೆ ಹಿಡಿ ತಿರುಗಿಸಿದರು. ಟ್ರಾಮು ಕದಲಿತು. ಸಿದ್ದಾಚಾರಿ ಕಂಬ ಹಿಡಿದು ನಮ್ಮತ್ತಲೇ ನೋಡುತ್ತ ಹೋದ.

ಅಕ್ಕಯ್ಯಮ್ಮ ಉಸಿರು ಬಿಟ್ಟರು. “ಹೋಗೋ ಮನಸ್ಸಿದೆ ಅವನಿಗೆ. ಒಳ್ಳೇದಾಯ್ತು. ಹೆಂಡತಿ ಮಕ್ಕಳು ಕಾಯ್ತಿರ್ತಾರೆ,” ಎಂದು ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಇದ್ದಕ್ಕಿದ್ದಂತೆ ಸಂಕೋಚಪಟ್ಟು, “ನಿನ್ನನ್ನ ಕೇಳಲೇ ಇಲ್ಲ ಕಾಳಮ್ಮ. ನಿಮ್ಮನೇಲಿ ಜಾಗ ಇದ್ಯೋ ಇಲ್ವೋ” ಎಂದರು.

“ಬುಗುರಿಗೆ ಹೊಳಪು ತರೋಕೆ ನನಗೊಬ್ಬರು ಬೇಕಾಗಿತ್ತು ಅತ್ತೆ. ನೀವು ನನಗಿಂತ ಚೆನ್ನಾಗಿ ತಂದಿದ್ರಿ,” ಎಂದೆ. ಮಾತಿಗೆ ಹೇಳಿದ್ದಲ್ಲ, ಆ ಬುಗುರಿಯನ್ನು ನಾನು ಮಾರದೆ ಎತ್ತಿಟ್ಟಿದ್ದೆ.

ಎಲ್ಲರೂ ಸಂತೋಷವಾಗಿದ್ದರು, ಬೊಮ್ಮಿಯೊಬ್ಬಳನ್ನು ಬಿಟ್ಟು. ಅವಳು ನನ್ನ ಸೊಂಟದಿಂದ ಜಾರಿ ಇಳಿದು, ನೆಲದ ಮೇಲೆ ಕಾಲು ಬಡಿದು ರಂಪ ಮಾಡುತ್ತಿದ್ದಳು. ಅವಳಿಗೆ ರೈಲು ಬೇಕು, ಟ್ರಾಮು ಬೇಕು, ಎಲ್ಲಿಗಾದರೂ ಹೋಗಲೇಬೇಕು. ಎಲ್ಲರೂ ಸೇರಿ ತನಗೆ ಮೋಸ ಮಾಡಿದರು ಎಂದು ಕೇರಿಯವರ ಮುಂದೆ ದೂರುತ್ತಿದ್ದಳು. ಅವಳು ಹೇಳುವುದರಲ್ಲೂ ತಪ್ಪಿರಲಿಲ್ಲ.

“ಮಗೂಗೆ ಮಾತು ಕೊಟ್ಟಿದ್ದೀವಿ,” ಎಂದರು ಅಕ್ಕಯ್ಯಮ್ಮ. “ಎಲ್ಲಿಗಾದ್ರೂ ಹೋಗಬೇಕಲ್ಲ ಕಾಳಮ್ಮ.”

ಮೂವರೂ ಯೋಚನೆಕಟ್ಟೆಯ ಮೇಲೆ ಕೂತೆವು. ಜನ ಚದುರಿದರು. ಸ್ವಲ್ಪ ಹೊತ್ತಿಗೆ ಅದೇ ಟ್ರಾಮು ಸ್ಟೇಷನ್ನಿನಿಂದ ತಿರುಗಿ, ಹೊಳೆದಂಡೆಗೆ ಹೋಗುತ್ತ ಬಂತು. ಸಿದ್ದಾಚಾರಿ ರೈಲು ಹತ್ತಿದನೆಂದು ಸಾಹೇಬರೇ ತಿಳಿಸಿದರು. ನಾನು ಮರದ ಟ್ರಾಮನ್ನು ಕಂಕುಳಲ್ಲಿ ಇಟ್ಟುಕೊಂಡು ಹತ್ತಿದಾಗ, “ಅದರೊಳಗೆ ಕೂತಿರೋರಿಗೂ ಟಿಕೆಟ್ ತಗೋಬೇಕಮ್ಮ” ಎಂದು ನಕ್ಕರು. ಬೊಮ್ಮಿ ಅಳು ನಿಲ್ಲಿಸಿ, ಅವರೆಲ್ಲ ಚಿಕ್ಕವರು, ಬೇಕಾಗಿಲ್ಲ ಎಂದು ವಾದ ಮಾಡಿದಳು. ಗಂಟೆ ಹೊಡೆಯಿತು. ಗಾಡಿ ಹೊರಟಿತು.

ಅಕ್ಕಯ್ಯಮ್ಮ ಕಿಟಕಿಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಪೇಟೆ ಬಂತು. ಹೂವಿನವರು, ಬಳೆ ಅಂಗಡಿ, ಬಿಸಿಲಿಗೆ ಹರಡಿದ ಮೆಣಸಿನಕಾಯಿ, ಎಲ್ಲವನ್ನೂ ಕತ್ತು ತಿರುಗಿಸಿ ತಿರುಗಿಸಿ ನೋಡಿದರು.

“ಎಲ್ಲಿ ಇಳಿಯೋದು ಕಾಳಮ್ಮ?”

“ನಿಮಗೆ ಬೇಕಾದ ಕಡೆ, ಅತ್ತೆ.”

ಟ್ರಾಮು ನಿಂತಿತು, ಕೆಲವರು ಇಳಿದರು, ಕೆಲವರು ಹತ್ತಿದರು, ಮತ್ತೆ ಹೊರಟಿತು. ಹೊಳೆಯ ಕಡೆಯಿಂದ ಗಾಳಿ ಬೀಸತೊಡಗಿತ್ತು.

“ಇನ್ನೂ ಸ್ವಲ್ಪ ಮುಂದೆ,” ಎಂದರು ಅಕ್ಕಯ್ಯಮ್ಮ.